ತೋಳೊಳಗೆ ಬೆಳೆದ ಮೂಳೆ

ಫೆಬ್ರವರಿ ೯

ಚೂಟಿಗೆ,

ಇಷ್ಟು ದಿನ ಎರಡು ಸಾಲಿನ ಕಾರ್ಡು ಹಾಕಿ ಸುಮ್ಮನಾಗುತ್ತಿದ್ದವನು ಈಗ ಉದ್ದದ ಕಾಗದ ಬರೆಯುತ್ತಿದ್ದಾನೆಂದರೆ ಏನೋ ಆಗಿರಬೇಕು ಎಂದು ನೀನು ಊಹಿಸುತ್ತೀಯ. ಆಗಿದೆ. ಗಾಬರಿಯಾಗಬೇಡ, ದೊಡ್ಡದೆಲ್ಲ ಆಗಿ ಮುಗಿದಿದೆ.

ಡಿಸೆಂಬರಿನಲ್ಲಿ ಪ್ರೆಸ್ಸಿನ ಮೆಟ್ಟಿಲ ಮೇಲೆ ಬಿದ್ದೆ. ಸಕ್ಕರೆ ಕಾಯಿಲೆ ನನ್ನ ಪಾದಗಳ ಸ್ಪರ್ಶವನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿರುವುದು ನಿನಗೆ ಗೊತ್ತೇ ಇದೆ. ಎಡಗಾಲಿನ ಚಪ್ಪಲಿ ಕಳಚಿಕೊಂಡದ್ದು ಕಾಲಿಗೆ ತಿಳಿಯಲೇ ಇಲ್ಲ. ಕೈಯಲ್ಲಿ ಒಂದು ಪುಟದಷ್ಟು ಜೋಡಿಸಿದ ಅಚ್ಚುಮೊಳೆಗಳ ತಟ್ಟೆ ಇತ್ತು. ಅದನ್ನು ಉಳಿಸಲು ಹೋಗಿ ಬಲ ಮೊಣಕೈ ಕೆಳಗೆ ಕೊಟ್ಟೆ. ಮೊಳೆಗಳೂ ಉಳಿಯಲಿಲ್ಲ, ಮೊಣಕೈಯೂ ಉಳಿಯಲಿಲ್ಲ. ಅಷ್ಟು ಸೀಸ ಮೆಟ್ಟಿಲಿನಿಂದ ಉರುಳಿದ ಸದ್ದಿಗೆ ಬೀದಿಯ ಆಚೆ ಬದಿಯವರು ಕೂಡ ಓಡಿ ಬಂದರಂತೆ. ಅಚ್ಚಿನ ಯಂತ್ರ ನಡೆಸುವ ನಮ್ಮ ಮೆಷಿನ್ ಅಣ್ಣ ಆ ಸದ್ದನ್ನು ಕೈಯಲ್ಲಿ ತೋರಿಸಿದ ರೀತಿಗೆ ನೋವಿನಲ್ಲೂ ನನಗೆ ನಗು ಬಂತು. ಹುಟ್ಟು ಕಿವುಡನಿಗೆ ತಾನು ಬಿದ್ದ ಸದ್ದನ್ನೂ ಬೇರೆಯವರೇ ಹೇಳಬೇಕು.

ಆಪರೇಷನ್ ಮಾಡಿ ತಗಡು, ತಂತಿ ಹಾಕಿದರು. ಜನವರಿಯಲ್ಲಿ ಕಟ್ಟು ಬಿಚ್ಚಿದರು. ಆದರೆ ಕೈ ಮಡಚಲು ಬರುತ್ತಿಲ್ಲ, ಪೂರ್ತಿ ನೀಡಲೂ ಬರುತ್ತಿಲ್ಲ. ಈ ಕಾಗದವನ್ನು ಮೇಜಿನ ಆ ತುದಿಯಲ್ಲಿಟ್ಟು, ತೋಳು ಚಾಚಿ, ನಿಂತುಕೊಂಡು ಬರೆಯುತ್ತಿದ್ದೇನೆ. ಅಕ್ಷರ ದೂರದಲ್ಲಿರುವುದು ಚಾಳೀಸಿಗೆ ಒಂದು ರೀತಿ ಅನುಕೂಲವೇ ಆಗಿದೆ.

ಅಮ್ಮ ಟೊಂಕ ಕಟ್ಟಿ ನಿಂತಿದ್ದಾಳೆ. ಸಂಜೆ ನಾನು ಮನೆಗೆ ಬಂದ ಕೂಡಲೇ ಎಣ್ಣೆ ಬಿಸಿ ಮಾಡಿ, ತೋಳು ತಿಕ್ಕಿ, ಮೊಣಕೈ ಎಳೆದು ಮಡಚುತ್ತಾಳೆ. ನಿನ್ನೆಗಿಂತ ಇವತ್ತು ಕೂದಲೆಳೆಯಷ್ಟು ಹೆಚ್ಚು ಮಡಚಿತು ಎಂದು ದಿನವೂ ಅವಳೇ ತೀರ್ಪು ಕೊಡುತ್ತಾಳೆ.

ನನಗೂ ಅಮ್ಮನಿಗೂ ಕಿವಿ ಕೇಳುವುದಿಲ್ಲವಲ್ಲ, ಆಸ್ಪತ್ರೆಗೆ ಮೆಷಿನ್ ಅಣ್ಣ ಜೊತೆಗೆ ಬರುತ್ತಾನೆ. ಅವನದು ಪ್ರೆಸ್ಸಿನಲ್ಲಿ ನನ್ನ ಪಕ್ಕ ನಿಂತು ಕಲಿತ ಅರೆಬರೆ ಕೈಮಾತು. ಡಾಕ್ಟರು ಎಷ್ಟು ಹೊತ್ತು ಮಾತಾಡಿದರೂ ಕೊನೆಗೆ ಹೆಬ್ಬೆರಳು ಎತ್ತಿ ‘ಒಳ್ಳೇದು’ ಅನ್ನುತ್ತಾನೆ. ಅಷ್ಟು ಸಾಕು ನನಗೆ. ನಿನ್ನನ್ನು ಬಾ ಎನ್ನಲು ಇದನ್ನೆಲ್ಲ ಬರೆಯುತ್ತಿಲ್ಲ.

ನಿನ್ನ ಒಳಿತನ್ನೇ ಬಯಸುವ,
ಅಪ್ಪ

—

ಫೆಬ್ರವರಿ ೨೦

ಅಪ್ಪಾ,

ಡಿಸೆಂಬರಿನಲ್ಲಿ ಬಿದ್ದದ್ದನ್ನು ಫೆಬ್ರವರಿಯಲ್ಲಿ ತಿಳಿಸಿದ್ದೀಯ. ನಡುವೆ ನೀನು ಹಾಕಿದ ಎರಡು ಕಾರ್ಡುಗಳನ್ನು ಮತ್ತೆ ತೆಗೆದು ನೋಡಿದೆ. ಎರಡರಲ್ಲೂ ‘ಎಲ್ಲರೂ ಕ್ಷೇಮ’ ಎಂದಿದೆ. ಅಕ್ಷರ ಮೆಷಿನ್ ಅಣ್ಣನದು. ನಾನು ಆಗ ಗಮನಿಸಲಿಲ್ಲ.

ಕಾಗದವೆಂದ ಮೇಲೆ ‘ನೀವು’ ಎಂದು ಬರೆಯಲು ಹೋದೆ, ಪೆನ್ನು ಓಡಲಿಲ್ಲ. ಬೆರಳು ತೋರಿಸಿ ಮಾತಾಡುತ್ತ ಬೆಳೆದವಳಿಗೆ ಅಪ್ಪನೂ ‘ನೀನು’, ಅಮ್ಮನೂ ‘ನೀನು’.

ಮಡಚಲು ಬರುತ್ತಿಲ್ಲ ಎಂದರೆ ಏನು? ಡಾಕ್ಟರು ಏನೆಂದರು? ಮತ್ತೆ ಎಕ್ಸ್‌ರೇ ತೆಗೆದರಾ? ಸಕ್ಕರೆ ಎಷ್ಟಿದೆ? ‘ಒಳ್ಳೇದು’ ಎಂಬ ಹೆಬ್ಬೆರಳನ್ನು ನಂಬಿ ಕೂರಬೇಡ. ಬರೆದುಕೊಡಿ ಎಂದು ಡಾಕ್ಟರನ್ನು ಕೇಳು. ಬರೆದುಕೊಡುವುದು ಅವರಿಗೆ ಕಷ್ಟವೇನಲ್ಲ.

ಮಿಲ್ಲಿನಲ್ಲಿ ರಜೆ ಸಿಗುವುದು ಕಷ್ಟ. ಹೊಸ ಮಗ್ಗಗಳು ಬಂದಿವೆ, ನನ್ನನ್ನು ಆ ಸಾಲಿಗೆ ಹಾಕಿದ್ದಾರೆ.

ಅಮ್ಮನಿಗೆ ನನ್ನ ನೆನಪು ಹೇಳು.

ಚೂಟಿ

—

ಮಾರ್ಚ್ ೧೪

ಚೂಟಿಗೆ,

ನೀನು ಹೇಳಿದಂತೆ ಬರೆದುಕೊಡಿ ಎಂದು ಕೇಳಿದೆ. ಮೂಳೆ ಡಾಕ್ಟರು ಒಳ್ಳೆಯವರೇ, ಚೀಟಿಯ ಬೆನ್ನಿಗೆ ಬರೆದುಕೊಟ್ಟರು. ಹಾಗೇ ನಕಲು ಮಾಡುತ್ತೇನೆ: ‘ಮಾಂಸಖಂಡದೊಳಗೆ ಹೊಸ ಮೂಳೆ ಬೆಳೆಯುತ್ತಿದೆ. ಏಟು ಬಿದ್ದ ಮೇಲೆ ಕೆಲವರಿಗೆ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಯಾಕೆಂದು ಪೂರ್ತಿ ಗೊತ್ತಿಲ್ಲ.’

ಮೊದಲ ಸಲ ಓದಿದಾಗ ಅವಸರದಲ್ಲಿ ಎಲ್ಲೋ ಒಂದು ಪದ ತಪ್ಪಿದ್ದಾರೆ ಅಂದುಕೊಂಡೆ. ಮಾಂಸದಲ್ಲಿ ಮೂಳೆ ಬೆಳೆಯುವುದನ್ನು ನಾನು ಎಲ್ಲೂ ಓದಿಲ್ಲ, ಎಲ್ಲೂ ಜೋಡಿಸಿಲ್ಲ. ಆಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತಗಡೂ ತಂತಿಯೂ ಹೊಳೆಯುವ ಬಿಳಿ. ನನ್ನ ಮೂಳೆ ಸಾದಾ ಬಿಳಿ. ಅದರ ಮುಂದೆ, ಕಪ್ಪಾಗಿ ಇರಬೇಕಾದ ಜಾಗದಲ್ಲಿ, ಹಾಲು ಚೆಲ್ಲಿದ ಹಾಗೆ ಮಸುಕು ಬಿಳುಪು. ಅದೇ ಅಂತೆ. ತೋಳನ್ನು ಮುಟ್ಟಿಕೊಂಡರೆ ಈಗ ನನಗೂ ಗೊತ್ತಾಗುತ್ತದೆ. ಚರ್ಮದ ಕೆಳಗೆ ಬಿಸಿಯಾಗಿ, ಗಟ್ಟಿಯಾಗಿ, ನನ್ನದಲ್ಲದ್ದೇನೋ ಕೂತಿದೆ.

ಪ್ರೆಸ್ಸಿನ ಯಜಮಾನರು ನನ್ನನ್ನು ಮೊಳೆಯ ಖಾನೆಗಳ ಮುಂದಿನಿಂದ ತೆಗೆದು ಕರಡು ತಿದ್ದಲು ಕೂರಿಸಿದ್ದಾರೆ. ಕೆಲಸದ ಮಾತು ಬಿಡು. ಮನೆಯ ಮಾತು ಬೇರೆ ಇದೆ. ಮುಖದ ಹತ್ತಿರ ಆಡುವ ಮಾತುಗಳೆಲ್ಲ ನನ್ನ ಬಲಗೈಗೆ ತಪ್ಪಿಹೋಗಿವೆ. ಹಣೆ ಮುಟ್ಟಿ ಹೇಳುವ ‘ಯೋಚನೆ’, ಗಲ್ಲ ಮುಟ್ಟಿ ಹೇಳುವ ‘ಅಮ್ಮ’, ತುಟಿಯ ಹತ್ತಿರದ ‘ಊಟ’, ಯಾವುದಕ್ಕೂ ಕೈ ಬರುವುದಿಲ್ಲ. ಎಡಗೈಯಲ್ಲಿ ಹೇಳಿದರೆ ಅಮ್ಮ ಒಪ್ಪುವುದಿಲ್ಲ. “ಯಾರೋ ಬಾಡಿಗೆಗೆ ಬಂದವನು ಮಾತಾಡಿದ ಹಾಗಿದೆ” ಅನ್ನುತ್ತಾಳೆ. ನಿನ್ನ ಹೆಸರಿನ ಸನ್ನೆಯಂತೂ ಹುಬ್ಬಿನ ಮೇಲೆ ಇತ್ತು, ನೀನು ಮಗುವಾಗಿದ್ದಾಗ ಹೊಸ್ತಿಲು ತಾಗಿ ಗಾಯವಾದ ಜಾಗದಲ್ಲಿ. ಅದನ್ನು ಅಲ್ಲಿಂದ ಇಳಿಸಿ ಎಡ ಮುಂಗೈ ಮೇಲೆ ಇಟ್ಟುಕೊಂಡಿದ್ದೇನೆ. ಅಮ್ಮ ಎರಡು ದಿನ ಮುನಿಸಿಕೊಂಡಿದ್ದು ಈಗ ತಾನೂ ಹಾಗೇ ಕರೆಯುತ್ತಾಳೆ. ಹೊಸ ಹೆಸರು ನಿನಗೆ ತಿಳಿದಿರಲಿ ಎಂದು ಬರೆದೆ.

ಅಮ್ಮನ ಎಣ್ಣೆ, ಎಳೆತ ಎಂದಿನಂತೆ ನಡೆದಿದೆ. ಅವಳಿಗೆ ಅದರಲ್ಲಿ ಒಂದು ನೆಮ್ಮದಿ.

ಮೇಜಿನ ಈಚೆ ತುದಿಯಿಂದ,
ಅಪ್ಪ

—

ಏಪ್ರಿಲ್ ೨

ಅಪ್ಪಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಆಮೇಲೆ ಸಂಜೆಯವರೆಗೆ ಮಗ್ಗದ ಮುಂದೆ ನಿಂತು ನನ್ನ ಬಲಗೈ ಎಷ್ಟು ಸಲ ಮಡಚುತ್ತದೆ ಎಂಬುದನ್ನೇ ನೋಡುತ್ತಿದ್ದೆ.

ಇಲ್ಲಿ ಒಂದು ತಮಾಷೆ ಇದೆ, ಇಷ್ಟು ದಿನ ಬರೆದಿರಲಿಲ್ಲ. ಮಗ್ಗಗಳು ಓಡುವಾಗ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ನೂಲು ತುಂಡಾಯಿತು, ಮೇಸ್ತ್ರಿ ಬಂದ, ಟೀ ಕುಡಿಯೋಣ, ಎಲ್ಲಕ್ಕೂ ಒಂದೊಂದು ಸನ್ನೆ. ಅವರದು ನಮ್ಮದರ ಮುಂದೆ ಬಾಲಭಾಷೆ. ಕೈಮಾತಿನಿಂದ ತಪ್ಪಿಸಿಕೊಂಡು ಬಂದವಳು ಇಲ್ಲಿ ಎಲ್ಲರಿಗಿಂತ ದೊಡ್ಡ ಮಾತುಗಾತಿ ಅನ್ನಿಸಿಕೊಂಡಿದ್ದೇನೆ.

ಮನೆ ಬಿಟ್ಟು ಬರುವಾಗ ನಾನು ಆಡಿದ ಮಾತು ನಿನಗೆ ಇನ್ನೂ ನೆನಪಿದೆ ಎಂದು ‘ಬಾ ಎನ್ನಲು ಬರೆಯುತ್ತಿಲ್ಲ’ ಎಂಬ ಸಾಲಿನಿಂದ ಗೊತ್ತಾಯಿತು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಅವತ್ತು ಮನೆಯ ಮಾಲೀಕರು ನಿನ್ನನ್ನು ಬೈದರು, ಬೈದದ್ದನ್ನು ನಾನು ನಿನಗೆ ಹೇಳಬೇಕಾಯಿತು. ನೀನು ತಿರುಗಿ ಬೈದೆ, ಅದನ್ನು ನಾನು ನನ್ನ ಬಾಯಿಂದ ಅವರಿಗೆ ಹೇಳಬೇಕಾಯಿತು. ಎರಡು ಕಡೆಯ ಬೈಗುಳವೂ ನನ್ನ ಮೈಯೊಳಗಿಂದಲೇ ಹಾದುಹೋದವು. ಐದು ವರ್ಷದವಳಾಗಿದ್ದಾಗಿನಿಂದ ಬ್ಯಾಂಕು, ಆಸ್ಪತ್ರೆ, ಅಂಗಡಿ, ಎಲ್ಲ ಕಡೆಯೂ ಹೀಗೇ. ‘ಇನ್ನು ಮೇಲೆ ನಾನು ಯಾರ ಬಾಯಿಯೂ ಅಲ್ಲ’ ಎಂದದ್ದು ಅದಕ್ಕೆ. ನಿನ್ನ ಮೇಲಿನ ಸಿಟ್ಟಿಗಲ್ಲ. ಅಷ್ಟನ್ನು ಹೇಳದೆ ರೈಲು ಹತ್ತಿದೆ.

ತೋಳಿನ ಮೂಳೆಯನ್ನು ತೆಗೆಯಬಹುದೇ ಎಂದು ಕೇಳಿ ಬರೆಸಿಕೊ.

ಚೂಟಿ

—

ಮೇ ೩

ಮಗಳು,

ಅಮ್ಮ ಬರೆಯುವುದು. ಅಪ್ಪ ಗೊತ್ತಿಲ್ಲ.

ಅಪ್ಪ ಕೈ ಮರ. ಊಟ ನಾನು ತಿನ್ನಿಸು. ಅಪ್ಪ ನಾಚಿಕೆ, ಊಟ ಕಮ್ಮಿ. ಸಕ್ಕರೆ ಸೂಜಿ ನಾನು ಚುಚ್ಚು.

ಡಾಕ್ಟರ್ ಆಪರೇಷನ್ ಹೇಳು. ಚೀಟಿ ಬರೆದ. ಅಪ್ಪ ಚೀಟಿ ಜೇಬು ಇಟ್ಟ. ನನಗೆ ತೋರಿಸು ಇಲ್ಲ.

ನೀನು ಬಾಯಿ ಅಲ್ಲ ಗೊತ್ತು. ಮಗಳು ಬಾ.

ಅಮ್ಮ

—

ಜೂನ್ ೧೦

ಚೂಟಿಗೆ,

ನೀನು ಬಂದು ಇದ್ದು ಹೋದ ಮೇಲೆ ಮನೆ ಇನ್ನೂ ತನ್ನ ಅಳತೆಗೆ ಬಂದಿಲ್ಲ. ಅಮ್ಮ ಮೂರು ಜನಕ್ಕೆ ಅಡುಗೆ ಮಾಡಿ, ಉಳಿದದ್ದನ್ನು ನೋಡಿ ನನ್ನನ್ನೇ ಗದರುತ್ತಾಳೆ.

ಡಾಕ್ಟರ ಕೋಣೆಯಲ್ಲಿ ನೀನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಈಗಲೇ ಕತ್ತರಿಸಿದರೆ ಆ ಮೂಳೆ ಮತ್ತೆ ಬೆಳೆಯುತ್ತದೆ. ಅದು ಬಲಿತು, ತನ್ನ ಪಾಡಿಗೆ ತಾನು ನಿಂತ ಮೇಲೆ ತೆಗೆಯಬೇಕು, ಅಂದರೆ ಚಳಿಗಾಲದವರೆಗೆ ಕಾಯಬೇಕು. ಅಷ್ಟರೊಳಗೆ ಸಕ್ಕರೆ ಇಳಿಯಬೇಕು. ಇಳಿಯದಿದ್ದರೆ ಗಾಯ ಮಾಯುವುದಿಲ್ಲ, ಕೀವಾಗಬಹುದು, ಕೈಯೇ ಹೋಗಬಹುದು, ಜೀವಕ್ಕೂ ತೊಂದರೆಯಾಗಬಹುದು. ಆ ಕೊನೆಯ ಮಾತನ್ನು ಹೇಳುವಾಗಲೂ ನೀನು ನನ್ನ ಕಣ್ಣು ತಪ್ಪಿಸಲಿಲ್ಲ. ನನ್ನ ಮಗಳು ನನ್ನನ್ನು ದೊಡ್ಡವನ ಹಾಗೆ ನಡೆಸಿಕೊಂಡಳು ಎಂದು ಹೆಮ್ಮೆಪಟ್ಟೆ.

ಈಗ ಒಂದು ಕೇಳುತ್ತೇನೆ. ಎಲ್ಲ ಮುಗಿದ ಮೇಲೆ ಡಾಕ್ಟರು ಒಮ್ಮೆ ಅಮ್ಮನನ್ನು ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿ ಮಾತಾಡಿದರು. ಅವರ ತುಟಿ ನನಗೆ ಕಾಣಲಿಲ್ಲ, ದವಡೆ ಆಡುವುದು ಕಾಣುತ್ತಿತ್ತು. ತುಂಬ ಹೊತ್ತು ಆಡಿತು. ನಿನ್ನ ಕೈಗಳು ಮಡಿಲಲ್ಲೇ ಇದ್ದವು. ಕೊನೆಗೆ ನೀನು “ಮುಂದಿನ ತಿಂಗಳು ಬರಬೇಕಂತೆ” ಅಂದೆ. ಅಷ್ಟು ಹೇಳಲು ಒಬ್ಬ ಮನುಷ್ಯ ಕಿಟಕಿಯ ಕಡೆ ತಿರುಗಬೇಕಾಗಿಲ್ಲ.

ಹೊರಡುವ ದಿನ ನೀನು ಅಮ್ಮನಿಗೆ ಇನ್ನು ಎಣ್ಣೆ, ಎಳೆತ ಬೇಡ ಅಂದೆ. ಆಪರೇಷನ್ನಿಗೆ ಮುಂಚೆ ಚರ್ಮ ಒಣಗಿರಬೇಕಂತೆ ಅಂದೆ. ಆಪರೇಷನ್ ಇರುವುದು ಚಳಿಗಾಲದಲ್ಲಿ, ಚರ್ಮ ಜೂನ್ ತಿಂಗಳಿಂದಲೇ ಒಣಗಬೇಕೇ?

ನೀನು ಇಲ್ಲಿದ್ದಾಗ ಕೇಳಲಾಗಲಿಲ್ಲ. ನಮ್ಮ ಮನೆಯಲ್ಲಿ ಪಿಸುಮಾತು ಎಂಬುದೇ ಇಲ್ಲ, ಕೈ ಎತ್ತಿದರೆ ಅಮ್ಮ ನೋಡುತ್ತಾಳೆ. ಉದ್ದದ ಕಾಗದವನ್ನು ಓದಲು ಅವಳಿಗೆ ಬರುವುದಿಲ್ಲ. ಇಲ್ಲಿ ಹೇಳು.

ಕಾಯುತ್ತಿರುವ,
ಅಪ್ಪ

—

ಜೂನ್ ೧೯

ಅಪ್ಪಾ,

ನೀನು ಗಮನಿಸಿರುತ್ತೀಯ ಎಂದು ರೈಲಿನಲ್ಲಿ ಕೂತಾಗಲೇ ಅನ್ನಿಸಿತ್ತು.

ಡಾಕ್ಟರು ಮೊದಲು ಒಂದು ಪ್ರಶ್ನೆ ಕೇಳಿದರು, “ಮನೇಲಿ ಯಾರಾದ್ರೂ ಕೈ ತಿಕ್ಕಿ ಎಳೀತಾರಾ?” ಅಮ್ಮ ದಿನಾ ಮಾಡುತ್ತಾರೆ, ಜನವರಿಯಿಂದ ಮಾಡುತ್ತಿದ್ದಾರೆ ಎಂದೆ. ಆಗಲೇ ಅವರು ಅಮ್ಮನನ್ನು ನೋಡಿ ಕಿಟಕಿಯ ಕಡೆ ತಿರುಗಿದ್ದು.

“ಅದು ನಿಲ್ಲಬೇಕು. ಏಟು ತಿಂದ ಸ್ನಾಯುನ ಬಲವಂತವಾಗಿ ಎಳೆದ್ರೆ ಒಳಗೆ ಮತ್ತೆ ಮತ್ತೆ ಗಾಯ ಆಗಿ ಮೂಳೆ ಜಾಸ್ತಿ ಬೆಳೆಯುತ್ತೆ ಅನ್ನೋ ಅನುಮಾನ ಇದೆ. ಸಕ್ಕರೆ ಕಾಯಿಲೆನೂ ಕಾರಣ ಇರಬಹುದು, ಬಿದ್ದ ಏಟೂ ಇರಬಹುದು. ಇದರಿಂದಲೇ ಆಯ್ತು ಅಂತ ಯಾರೂ ಆಣೆ ಮಾಡಿ ಹೇಳಕ್ಕಾಗಲ್ಲ. ಅವರಿಗೆ ಹೇಳೋದೋ ಬೇಡವೋ ನೀವೇ ನೋಡ್ಕೊಳ್ಳಿ. ಪಾಪ, ಪ್ರೀತಿಯಿಂದ ಮಾಡಿದ್ದು.”

ಇಷ್ಟೇ ಅವರು ಹೇಳಿದ್ದು, ಒಂದು ಪದ ಬಿಟ್ಟಿಲ್ಲ.

ಅಮ್ಮ ನಮ್ಮ ಪಕ್ಕದಲ್ಲಿ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದಳು, ಈಗ ಏನೋ ಒಳ್ಳೆಯದು ಬರುತ್ತದೆ ಎಂಬ ಮುಖದಲ್ಲಿ. ನನ್ನ ಕೈ ಏಳಲಿಲ್ಲ. ನಿಲ್ಲಿಸಬೇಕಾದದ್ದು ನಿಂತರೆ ಸಾಕು ಎಂದು ಚರ್ಮದ ಕಥೆ ಕಟ್ಟಿದೆ.

ಈಗ ನಿನಗೆ ಗೊತ್ತಾಯಿತು. ಮುಂದೇನು ಮಾಡುವುದು ಹೇಳು.

ಚೂಟಿ

—

ಜೂನ್ ೩೦

ಚೂಟಿಗೆ,

ನೀನು ಮಾಡಿದ್ದೇ ಸರಿ. ಅಮ್ಮನಿಗೆ ಹೇಳುವುದು ಬೇಡ. ಪಾಪ, ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿಲ್ಲ. ಡಾಕ್ಟರೇ ಖಚಿತವಿಲ್ಲ ಎಂದ ಮೇಲೆ ನಾವು ಯಾಕೆ ಅವಳ ತಲೆಗೆ ಕಟ್ಟಬೇಕು? ನನ್ನ ಸಕ್ಕರೆಯೇ ಕಾರಣ ಎಂದು ನಾನು ನಂಬಿದ್ದೇನೆ. ನೀನೂ ಹಾಗೇ ನಂಬು.

ಸಂಜೆ ಹೊತ್ತು ಅವಳಿಗೆ ಕೈಗೆ ಕೆಲಸವಿಲ್ಲ. ಎಣ್ಣೆಯ ಬಟ್ಟಲನ್ನು ತೊಳೆದು ಮೇಲಿನ ಗೂಡಿನಲ್ಲಿ ಕವುಚಿಟ್ಟಿದ್ದಾಳೆ. ಮೊನ್ನೆ ನಾನು ಅಂಗಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡುತ್ತಿದ್ದವಳು, ಇದ್ದಕ್ಕಿದ್ದಂತೆ ನನ್ನ ತೋಳು ತೋರಿಸಿ, ಆಮೇಲೆ ತನ್ನನ್ನು ತೋರಿಸಿಕೊಂಡು, “ನಾನಾ?” ಎಂದು ಕೇಳಿದಳು. ಅಲ್ಲ ಎಂದು ತಲೆಯಾಡಿಸಿದೆ. ಅವಳು ಮತ್ತೆ ಕೇಳಲಿಲ್ಲ.

ಸಕ್ಕರೆ ಸ್ವಲ್ಪ ಇಳಿದಿದೆ. ಅಮ್ಮ ನನ್ನ ಟೀಗೆ ಸಕ್ಕರೆಯ ಡಬ್ಬಿಯನ್ನು ದೂರದಿಂದಷ್ಟೇ ತೋರಿಸುತ್ತಾಳೆ.

ನಿನ್ನ,
ಅಪ್ಪ

—

ಜುಲೈ ೮

ಅಪ್ಪಾ,

ನಿನ್ನ ಕಾಗದದಲ್ಲಿ ‘ಪಾಪ’ ಎಂಬ ಪದವನ್ನು ನೋಡಿದ ಮೇಲೆ ಎರಡು ದಿನ ನನಗೆ ಸಮಾಧಾನವಿಲ್ಲ.

ನಾನು ಚಿಕ್ಕವಳಿದ್ದಾಗ ಜನ ನಿಮ್ಮಿಬ್ಬರ ಎದುರಿಗೇ ನನ್ನ ಹತ್ತಿರ ಏನೇನೋ ಹೇಳಿ, ಕೊನೆಗೆ “ಇದನ್ನ ಅವರಿಗೆ ಹೇಳ್ಬೇಡ ಮರಿ, ಪಾಪ” ಅನ್ನುತ್ತಿದ್ದರು. ಬ್ಯಾಂಕಿನವರು ಅಂದರು, ಸ್ಕೂಲಿನ ಟೀಚರು ಅಂದರು. ಅಜ್ಜಿ ತೀರಿಕೊಂಡ ದಿನ ಚಿಕ್ಕಪ್ಪ ನಿನ್ನ ಪಕ್ಕದಲ್ಲೇ ನಿಂತು ಅಂದ. ಅಮ್ಮನ ತಾಯಿ ಹೋದದ್ದು ಅಮ್ಮನಿಗಿಂತ ಮೊದಲು ಎಂಟು ವರ್ಷದ ನನಗೆ ಗೊತ್ತಿತ್ತು. ಏನು ಕೇಳಬೇಕು, ಏನು ಕೇಳಬಾರದು ಎಂದು ನಿಮ್ಮಿಬ್ಬರ ಪರವಾಗಿ ಯಾರು ಬೇಕಾದರೂ ತೀರ್ಮಾನ ಮಾಡುತ್ತಿದ್ದರು. ಅದು ಗೊತ್ತಾದಾಗ ನೀನು ಎಷ್ಟು ಕೆರಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಈಗ ನಾವಿಬ್ಬರೂ ಅಮ್ಮನಿಗೆ ಅದನ್ನೇ ಮಾಡುತ್ತಿದ್ದೇವೆ. ನಾನೇ ಶುರು ಮಾಡಿದೆ, ನೀನು ಮುಂದುವರಿಸಿದೆ. ಅವಳು ತನ್ನನ್ನು ತೋರಿಸಿಕೊಂಡು ಕೇಳಿದ್ದಾಳೆ ಎಂದರೆ ಅವಳಿಗೆ ಅರ್ಧ ಗೊತ್ತಾಗಿದೆ. ಉಳಿದರ್ಧವನ್ನು ಅವಳು ಒಬ್ಬಳೇ ಊಹೆ ಮಾಡಿಕೊಳ್ಳುತ್ತ ಕೂರಬೇಕೇ? ಅವಳ ಊಹೆಯಲ್ಲಿ ‘ಖಚಿತವಿಲ್ಲ’ ಎಂಬ ಮಾತೂ ಇರುವುದಿಲ್ಲ.

ನೀನು ಹೇಳು. ನೀನು ಹೇಳದಿದ್ದರೆ ಆಪರೇಷನ್ನಿಗೆ ಬಂದಾಗ ನಾನು ಹೇಳುತ್ತೇನೆ. ಆದರೆ ನನ್ನ ಕೈಯಿಂದ ತಿಳಿಯುವುದಕ್ಕಿಂತ ನಿನ್ನ ಕೈಯಿಂದ ತಿಳಿದರೆ ಅವಳಿಗೆ ಒಳ್ಳೆಯದು.

ಸಿಟ್ಟಾದರೂ ಬರೆ.

ಚೂಟಿ

—

ಸೆಪ್ಟೆಂಬರ್ ೨೧

ಚೂಟಿಗೆ,

ಎರಡು ತಿಂಗಳು ಬರೆಯಲಿಲ್ಲ. ಸಿಟ್ಟು ಬಂದಿತ್ತು, ನಿಜ. ಅದು ಇಳಿದ ಮೇಲೆ ಹೆದರಿಕೆ ಬಂತು. ಅದು ಇಳಿಯಲಿಲ್ಲ. ಅದನ್ನು ಇಟ್ಟುಕೊಂಡೇ ಹೇಳಿದೆ.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಎದುರಿಗೆ ಕೂತೆ. ಎಡಗೈಯೇ ಹೆಚ್ಚು ಮಾತಾಡಬೇಕಾಯಿತು. ಡಾಕ್ಟರು ಅಂದದ್ದನ್ನು ನೀನು ಬರೆದಂತೆಯೇ ಹೇಳಿದೆ. ಅನುಮಾನ ಎಂಬುದನ್ನೂ, ಯಾರೂ ಆಣೆ ಮಾಡಿ ಹೇಳಲಾಗುವುದಿಲ್ಲ ಎಂಬುದನ್ನೂ ಎರಡು ಸಲ ಹೇಳಿದೆ. ಅಮ್ಮ ಅಳಲಿಲ್ಲ. ಯಾವಾಗ ಹೇಳಿದ್ದು ಎಂದು ಕೇಳಿದಳು. ಜೂನ್ ತಿಂಗಳಲ್ಲಿ ಎಂದೆ. ಮಗಳಿಗೆ ಗೊತ್ತಿತ್ತಾ ಎಂದಳು. ಹೌದು ಎಂದೆ. ಅವಳು ಎದ್ದು ಹೋಗಿ ನನಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು.

ನಮ್ಮ ಮನೆಯಲ್ಲಿ ಬೆನ್ನು ತಿರುಗಿಸುವುದೆಂದರೆ ಬಾಗಿಲು ಹಾಕಿಕೊಂಡ ಹಾಗೆ. ಮುಖ ನೋಡದವರ ಹತ್ತಿರ ಮಾತಾಡುವುದಾದರೂ ಹೇಗೆ? ಊಟ ತಿನ್ನಿಸಿದಳು, ಸೂಜಿ ಚುಚ್ಚಿದಳು, ಕಾಲಿಗೆ ಗಾಯವಾಗಿದೆಯೇ ಎಂದು ನೋಡಿದಳು. ಎಲ್ಲವನ್ನೂ ನನ್ನ ಕತ್ತಿನಿಂದ ಕೆಳಗೆ ನೋಡಿಕೊಂಡೇ ಮಾಡಿದಳು. ವಾರ ಕಳೆಯಿತು. ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಎಷ್ಟೋ ತಪ್ಪುಗಳನ್ನು ಹಾಗೇ ಬಿಟ್ಟುಬಿಟ್ಟೆ.

ಆಮೇಲೆ ಒಂದು ಬೆಳಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದವಳು ನಡುವೆ ನಿಲ್ಲಿಸಿ ಮುಖ ಎತ್ತಿದಳು.

“ಎಳೆದಾಗ ನೋವಾಗ್ತಿತ್ತಾ?”

“ಆಗ್ತಿತ್ತು.”

“ಎಷ್ಟು?”

“ಕಣ್ಣಿಗೆ ಕತ್ತಲೆ ಬರೋಷ್ಟು.”

“ಮತ್ತೆ ಯಾಕೆ ನಗ್ತಿದ್ದೆ?”

ನಾನು ಗೂಡಿನಲ್ಲಿ ಕವುಚಿಟ್ಟಿದ್ದ ಎಣ್ಣೆಯ ಬಟ್ಟಲಿನ ಕಡೆ ನೋಡಿದೆ. ಅವಳು ಅಷ್ಟು ಆಸೆಯಿಂದ ಎಣ್ಣೆ ಬಿಸಿ ಮಾಡುತ್ತಿದ್ದಳು.

“ನಾನು ನಿನ್ನ ಮುಖ ನೋಡ್ಕೊಂಡೇ ಎಳೀತಿದ್ದೆ,” ಅಂದಳು. “ನೀನು ಕೂಗಿದ್ರೂ ನನಗೆ ಕೇಳ್ತಿರಲಿಲ್ಲ. ನನಗೆ ಇದ್ದದ್ದು ನಿನ್ನ ಮುಖ ಒಂದೇ. ಅದರಲ್ಲೂ ನೀನು ಸುಳ್ಳು ಹೇಳಿದೆ.”

ಚೂಟಿ, ನಮಗೆ ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬುದು ನಿನಗೆ ಗೊತ್ತು. ಇಷ್ಟು ವರ್ಷದಲ್ಲಿ ಅವಳು ನನಗೆ ಇಂಥ ಮಾತು ಆಡಿರಲಿಲ್ಲ. ನಾನು ಅವಳ ಕೈಯನ್ನು ಹಿಡಿದುಕೊಳ್ಳಲು ಹೋದೆ, ಆದರೆ ಹಿಡಿದರೆ ಅವಳ ಮಾತು ನಿಂತುಹೋಗುತ್ತದೆ. ಹಿಡಿಯಲಿಲ್ಲ. ಅವಳು ಹೇಳುವಷ್ಟನ್ನೂ ಹೇಳಲಿ ಎಂದು ನಿಂತಿದ್ದೆ. ತುಂಬ ಹೇಳಿದಳು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆವತ್ತು ನಾನು ಕೆಲಸಕ್ಕೆ ಹೋಗಲಿಲ್ಲ.

ಆಪರೇಷನ್ ಮಾಡಿಸಿಕೊಳ್ಳುವುದು ಎಂದು ನಾವಿಬ್ಬರೂ ಕೂತು ತೀರ್ಮಾನಿಸಿದ್ದೇವೆ. ಜನವರಿಯಲ್ಲಿ. ಇದಕ್ಕೆ ಮಾತ್ರ ಬಾ ಎಂದು ಕೇಳುತ್ತಿದ್ದೇನೆ.

ಅಪ್ಪ

—

ಫೆಬ್ರವರಿ ೧೭

ಅಪ್ಪಾ,

ತಲುಪಿದೆ. ಮಿಲ್ಲಿನಲ್ಲಿ ರಜೆ ಮುಗಿದು ನಾಲ್ಕು ದಿನ ತಡವಾದದ್ದಕ್ಕೆ ಮೇಸ್ತ್ರಿ ಗೊಣಗಿದ. ಆ ಸದ್ದಿನಲ್ಲಿ ಅವನು ಏನು ಗೊಣಗಿದನೋ ದೇವರಿಗೇ ಗೊತ್ತು.

ಆಪರೇಷನ್ನಿನ ಗಾಯದ ವಿಷಯ ಬರೆ. ಕೀವು ಪೂರ್ತಿ ನಿಂತಿತೇ? ನಾನು ಹೊರಡುವ ಹೊತ್ತಿಗೆ ಒಂದು ಮೂಲೆ ಇನ್ನೂ ತೆರೆದೇ ಇತ್ತು. ಸಕ್ಕರೆ ಇರುವವರಿಗೆ ನಿಧಾನ ಎಂದು ಡಾಕ್ಟರು ಹೇಳಿದ್ದರು, ಆದರೂ ಮನಸ್ಸು ಅಲ್ಲೇ ಇದೆ. ಜ್ವರ ಬಂದಿದ್ದ ಆ ದಿನಗಳಲ್ಲಿ ಕೈಯನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಅಂದಾಗ, ಅದನ್ನು ನಿನಗೆ ಅಮ್ಮನ ಮುಂದೆಯೇ ಹೇಳಿದೆ. ಹೇಳಿ ಹೊರಗೆ ಹೋಗಿ ನಲ್ಲಿಯ ಹತ್ತಿರ ತುಂಬ ಹೊತ್ತು ನಿಂತಿದ್ದೆ. ಅದು ನಿನಗೆ ಗೊತ್ತಿಲ್ಲ.

ನಿನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಏನಾಯಿತು ಎಂದು ನೀನು ಕೇಳಿದ್ದೆ, ಆಗ ಹೇಳುವುದಕ್ಕೆ ಸಮಯವಾಗಲಿಲ್ಲ. ಡಾಕ್ಟರು ಕೈ ತೊಳೆಯಲು ಹೋಗುವ ಮುಂಚೆ ನನ್ನ ಹತ್ತಿರ ಬಂದು, ಮೈ ಅಮ್ಮನಿಂದ ಅತ್ತ ತಿರುಗಿಸಿ, ಏನೋ ಹೇಳಲು ಶುರು ಮಾಡಿದರು. ಅಮ್ಮ ಎದ್ದು ನಮ್ಮಿಬ್ಬರ ನಡುವೆ ಬಂದು ನಿಂತಳು. ನನಗೆ ಹೇಳಿದಳು, “ಅವರಿಗೆ ಹೇಳು. ಎಳೆದವಳು ನಾನು. ನನಗೆ ಎಲ್ಲ ಗೊತ್ತು. ಏನಿದ್ರೂ ನನ್ನ ಮುಖ ನೋಡಿ ಹೇಳಲಿ.”

ನಾನು ಹಾಗೇ ಹೇಳಿದೆ. ನನ್ನ ದನಿ ಆ ಕಾರಿಡಾರಿನಲ್ಲಿ ಸ್ವಲ್ಪ ಜೋರಾಗಿಯೇ ಕೇಳಿಸಿತು. ಡಾಕ್ಟರು ಅಮ್ಮನ ಕಡೆ ತಿರುಗಿದರು. ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ನರ ಹತ್ತಿರದಲ್ಲಿದೆ, ಆಮೇಲೆ ಕೈಯನ್ನು ಹೇಗೆ ಮಡಚಿಸಬೇಕು, ಎಲ್ಲವನ್ನೂ ಅವಳಿಗೇ ಹೇಳಿದರು. ಅವಳು ಮೂರು ಪ್ರಶ್ನೆ ಕೇಳಿದಳು. ಮೂರಕ್ಕೂ ಉತ್ತರ ಕೊಟ್ಟರು. ನಾನು ಪಕ್ಕದಲ್ಲಿ ನಿಂತು ಅತ್ತಲಿಂದಿತ್ತ ದಾಟಿಸುತ್ತಿದ್ದೆ. ಯಾವತ್ತೂ ಆಗುವ ಸುಸ್ತು ಅವತ್ತು ಆಗಲಿಲ್ಲ.

ಚೂಟಿ

—

ಏಪ್ರಿಲ್ ೨೫

ಚೂಟಿಗೆ,

ಗಾಯ ಮಾಯಿತು. ಕೊನೆಯ ಮೂಲೆ ಮುಚ್ಚಿಕೊಳ್ಳಲು ಮಾರ್ಚ್ ಮುಗಿಯಬೇಕಾಯಿತು.

ಮೊನ್ನೆ ಮತ್ತೆ ಎಕ್ಸ್‌ರೇ ತೆಗೆದರು. ಆ ಬಿಳುಪು ಸ್ವಲ್ಪ ತಿರುಗಿ ಬಂದಿದೆ. ಡಾಕ್ಟರು ಮುಚ್ಚಿಡಲಿಲ್ಲ, ಬರೆದೇ ಕೊಟ್ಟರು. ಮೊದಲಿನಷ್ಟಿಲ್ಲ, ಇಲ್ಲಿಗೆ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಇನ್ನೊಂದು ಸಲ ಕತ್ತರಿಸುವ ಮಾತು ಸದ್ಯಕ್ಕೆ ಬೇಡ. ಕಿರುಬೆರಳಿಗೆ ಸ್ಪರ್ಶವಿಲ್ಲ, ಅದು ಬರುವುದಿಲ್ಲವಂತೆ. ಮೊಳೆ ಜೋಡಿಸುವ ಕೆಲಸ ನನಗೆ ಮುಗಿಯಿತು. ಯಜಮಾನರು ಕರಡಿನ ಮೇಜನ್ನು ಕಿಟಕಿಯ ಹತ್ತಿರಕ್ಕೆ ಹಾಕಿಸಿಕೊಟ್ಟಿದ್ದಾರೆ. ಹಳೆಯ ಖಾನೆಗಳ ಮುಂದೆ ಈಗ ಬೇರೆಯವರು ನಿಲ್ಲುತ್ತಾರೆ. ಮೊದಮೊದಲು ಆ ಕಡೆ ನೋಡದೆ ಓಡಾಡುತ್ತಿದ್ದೆ. ಈಗ ನೋಡುತ್ತೇನೆ.

ಕೈ ಎಷ್ಟು ಮಡಚುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ಅದನ್ನು ಬರೆಯುವ ಹಕ್ಕು ತನ್ನದು ಎಂದು ಅಮ್ಮ ಹಟ ಹಿಡಿದಿದ್ದಾಳೆ. ಅವಳ ಕಾಗದ ಬಂದಾಗ ತಪ್ಪು ಹುಡುಕಬೇಡ. ನಾನು ತಿದ್ದಿಕೊಡುತ್ತೇನೆ ಎಂದದ್ದಕ್ಕೆ ಪೆನ್ನಿನಿಂದ ನನ್ನ ಬೆರಳಿಗೆ ಹೊಡೆದಿದ್ದಾಳೆ.

ಮಡಚಲು ಕಲಿಯುತ್ತಿರುವ,
ಅಪ್ಪ

—

ಮೇ ೧೬

ಮಗಳು,

ಅಪ್ಪ ಕೈ ಬಾಯಿ ತನಕ ಬರುತ್ತೆ. ಅಪ್ಪ ಊಟ ಅಪ್ಪ ತಿನ್ನು. ತಲೆ ತನಕ ಇಲ್ಲ. ತಲೆ ನಾನು ಬಾಚು.

ಡಾಕ್ಟರ್ ಹೇಳಿದ, ದಿನ ದಿನ ಮೆಲ್ಲ ಮಡಚು. ಅಪ್ಪ ಮಡಚು. ನಾನು ಎದುರು ಕೂತು ಮುಖ ನೋಡು. ಕೈ ಮುಟ್ಟು ಇಲ್ಲ. ತುಂಬ ದಿನ ಮುಟ್ಟು ಇಲ್ಲ. ಮೊನ್ನೆ ಅಪ್ಪ ಕರೆದ. ಹಿಡಿ ಅಂದ. ನಾನು ಹೆದರು. ಅಪ್ಪ ಮತ್ತೆ ಹಿಡಿ ಅಂದ. ಹಿಡಿದೆ.

ಅಪ್ಪ ಈಗ ನೋವು ಹೇಳುತ್ತೆ. ದೊಡ್ಡ ನೋವು ಹೇಳುತ್ತೆ. ಸಣ್ಣ ನೋವು ಹೇಳುತ್ತೆ. ಸೊಳ್ಳೆ ಕಚ್ಚು ಹೇಳುತ್ತೆ. ಚಪ್ಪಲಿ ಬಿಗಿ ಹೇಳುತ್ತೆ. ಸಾರು ಉಪ್ಪು ಕಮ್ಮಿ, ಅದೂ ನೋವು ಅನ್ನುತ್ತೆ. ಬೆಳಗ್ಗೆ ಸಂಜೆ ನೋವು ನೋವು. ನನಗೆ ಸಾಕು ಆಯಿತು.

ಎಲ್ಲ ನೋವು ನೋಡು ನಾನು.

ಅಮ್ಮ